ಹೊಸ ಲ್ಯಾನ್ ಕಾರ್ಡ್ ಹಾಕಿದೆ, ಲೈಟೂ ಉರಿಯುತ್ತದೆ, ನೆಟ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಳೆಗಾಲಕ್ಕೆ ಮುಂಚೆ ಬಂದ ಸಿಡಿಲಿಗೆ ಮನೆಯ ಡೆಸ್ಕ್‌ಟಾಪ್‌ನ ಲ್ಯಾನ್ ಪೋರ್ಟ್ ಸುಟ್ಟುಹೋಯಿತು. ಬೇರೆಲ್ಲ ಸರಿ ಇದೆ. ಅಂಗಡಿಯವರು ಮದರ್‌ಬೋರ್ಡೇ ಬದಲಾಯಿಸಬೇಕು ಅಂದರು. ನಾನು ಅದರ ಬದಲು ಒಂದು ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಲ್ಯಾನ್ ಕಾರ್ಡ್ ತರಿಸಿ ನಾನೇ ಹಾಕಿದೆ. ಕಾರ್ಡಿನ ಲೈಟ್ ಉರಿಯುತ್ತದೆ. ವಿಂಡೋಸ್ 10ರಲ್ಲಿ ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಅಂತ ಬರುತ್ತದೆ. ಪ್ರಿಂಟರ್ ಹಂಚಿಕೊಳ್ಳಲು ಅನುಕೂಲ ಅಂತ ಹಳೆ ಪೋರ್ಟಿಗೆ 192.168.1.50 ಅನ್ನುವ ಐಪಿ ಅಡ್ರೆಸ್ ಕೊಟ್ಟಿದ್ದೆ. ಹೊಸ ಕಾರ್ಡಿಗೂ ಅದನ್ನೇ ಹಾಕಲು ಹೋದರೆ, ಈಗ ಕಂಪ್ಯೂಟರಿನಲ್ಲಿ ಇಲ್ಲದ ಬೇರೊಂದು ಅಡಾಪ್ಟರಿಗೆ ಆ ಅಡ್ರೆಸ್ ಕೊಟ್ಟಾಗಿದೆ ಅನ್ನುತ್ತದೆ. ಅದನ್ನು ತೆಗೆಯಲು ಒಪ್ಪಿ ಮುಂದೆ ಹೋದರೂ 169.254ರಿಂದ ಶುರುವಾಗುವ ಯಾವುದೋ ಅಡ್ರೆಸ್ ಕಾಣುತ್ತದೆ. ಅದೇ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ ಕೂಡ ಇದೆ. ಅಲ್ಲಿ ಸೆಟ್ಟಿಂಗ್ಸ್‌ನಲ್ಲಿ ವೈರ್ಡ್ ಕನೆಕ್ಷನ್ನೇ ಇಲ್ಲ. ಟರ್ಮಿನಲ್‌ನಲ್ಲಿ ನೋಡಿದರೆ ಕಾರ್ಡಿನ ಹೆಸರು ಇಎನ್‌ಪಿ4ಎಸ್0, ಅದು ಡೌನ್ ಅಂತಿದೆ. ಮೊದಲು ಅದು ಇಎನ್‌ಪಿ3ಎಸ್0 ಅಂತಿತ್ತು. ಅಲ್ಲೂ ಹಿಂದೊಮ್ಮೆ ನೆಟ್‌ಪ್ಲಾನ್ ಅನ್ನುವ ನೆಟ್‌ವರ್ಕ್ ಸೆಟ್ಟಿಂಗ್ ಫೈಲಿನಲ್ಲಿ ಅದೇ 50ರ ಅಡ್ರೆಸ್ ಬರೆದಿದ್ದೆ. ಈಗ ಉಬುಂಟು ಶುರುವಾಗುವುದೂ ಎರಡು ನಿಮಿಷ ತಡ. ಅದೇ ಕೇಬಲನ್ನು ಲ್ಯಾಪ್‌ಟಾಪಿಗೆ ಹಾಕಿದರೆ ನೆಟ್ ಚೆನ್ನಾಗಿ ಬರುತ್ತದೆ. ಕಾರ್ಡ್ ಕೆಟ್ಟಿದೆಯಾ ಸರ್? ವಾಪಸ್ ಕಳಿಸಿಬಿಡಲಾ?

ಉತ್ತರ: ಸದ್ಯಕ್ಕೆ ಕಳಿಸಬೇಡಿ. ನೀವು ಬರೆದ ವಿವರ ನೋಡಿದರೆ ಕಾರ್ಡ್ ಸರಿಯಾಗಿಯೇ ಇರುವ ಹಾಗಿದೆ. ವಿಂಡೋಸ್ ಕಾರ್ಡನ್ನು ಗುರುತಿಸಿದೆ, ಅದಕ್ಕೆ ಡ್ರೈವರ್ ಸಿಕ್ಕಿದೆ. ಉಬುಂಟು ಅದಕ್ಕೊಂದು ಹೆಸರನ್ನೂ ಕೊಟ್ಟಿದೆ. ಲ್ಯಾಪ್‌ಟಾಪಿನಲ್ಲಿ ನೆಟ್ ಬಂತು ಅಂದರೆ ಕೇಬಲ್, ರೂಟರಿನ ಪೋರ್ಟ್, ಹೊರಗಿನ ಲೈನ್ ಮೂರೂ ಸರಿ ಇವೆ. ಕೇಬಲನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ದು ಒಳ್ಳೆಯದಾಯಿತು, ಅರ್ಧ ಹುಡುಕಾಟ ಅಲ್ಲೇ ಮುಗಿಯಿತು.

ಕೆಟ್ಟಿರುವುದು ಹಳೆ ಕಾರ್ಡಿನ ನೆನಪು. ಫೋನ್ ನಂಬರ್ ಬದಲಾಯಿಸಿದ ಮೇಲೂ ಬ್ಯಾಂಕಿನ ಓಟಿಪಿ ಹಳೆ ನಂಬರಿಗೇ ಹೋಗುತ್ತಿರುತ್ತದಲ್ಲ, ಹಾಗೆ. ಪ್ರತಿಯೊಂದು ಲ್ಯಾನ್ ಚಿಪ್‌ಗೂ ಮ್ಯಾಕ್ ಅಡ್ರೆಸ್ ಅಂತ 48 ಬಿಟ್‌ಗಳ ಗುರುತು ಇರುತ್ತದೆ. ಬರೆಯುವಾಗ ಅದು 12 ಅಕ್ಷರಗಳ ಸಾಲು. ಮೊದಲರ್ಧ ತಯಾರಿಸಿದ ಕಂಪನಿಯದು, ಉಳಿದರ್ಧ ಆ ಒಂದು ಚಿಪ್ಪಿನದು. ಕಾರ್ಡ್ ಬದಲಾದರೆ ಈ ಗುರುತೂ ಬದಲಾಯಿತು. ಜೊತೆಗೆ ಕಾರ್ಡ್ ಕೂತ ಜಾಗವೂ ಬದಲಾಯಿತು. ಹಳೆ ಗುರುತನ್ನೋ ಹಳೆ ಜಾಗವನ್ನೋ ನಂಬಿಕೊಂಡವರು ಎಲ್ಲೆಲ್ಲಿದ್ದಾರೆ ಅಂತ ಹುಡುಕುವುದೇ ಈಗಿನ ಕೆಲಸ. ನಿಮ್ಮ ಮನೆಯಲ್ಲಿ ಅಂಥವರು ಕಡಿಮೆ ಅಂದರೂ ಇಬ್ಬರಿದ್ದಾರೆ. ಒಬ್ಬರು ವಿಂಡೋಸ್‌ನಲ್ಲಿ, ಇನ್ನೊಬ್ಬರು ಉಬುಂಟುವಿನಲ್ಲಿ.

ಒಂದು ಸೂಚನೆ. ಆಜ್ಞೆಗಳನ್ನೂ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಏನನ್ನಾದರೂ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿಬಿಡಿ. ಉಬುಂಟು ಇನ್‌ಸ್ಟಾಲ್ ಮಾಡಿದ್ದ ಪೆನ್‌ಡ್ರೈವ್ ಇನ್ನೂ ಇದ್ದರೆ ಅದರಿಂದ ಕಂಪ್ಯೂಟರ್ ಶುರು ಮಾಡಿ. ‘ಟ್ರೈ ಉಬುಂಟು’ ಆರಿಸಿಕೊಳ್ಳಿ, ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವಿನಲ್ಲಿರುವ ಉಬುಂಟುವಿಗೆ ನಿಮ್ಮ ಹಳೆ ಪೋರ್ಟ್ ಗೊತ್ತಿಲ್ಲ, 50ರ ಅಡ್ರೆಸ್ಸೂ ಗೊತ್ತಿಲ್ಲ. ಅಲ್ಲಿ ನೆಟ್ ಬಂದರೆ ಕಾರ್ಡ್ ಚೆನ್ನಾಗಿದೆ ಅಂತ ಖಾತ್ರಿ. ಕ್ಯಾಬಿನೆಟ್ ಮತ್ತೆ ಬಿಚ್ಚುವ ಅಗತ್ಯವೇ ಇಲ್ಲ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಇದನ್ನು ಮಾಡದೆ ಡ್ರೈವರ್ ಮೇಲೆ ಡ್ರೈವರ್ ಹಾಕುತ್ತಾ ಕೂತವರನ್ನು ತುಂಬ ನೋಡಿದ್ದೇನೆ.

ಎರಡನೆಯದು ಬಯಾಸ್, ಅಂದರೆ ವಿಂಡೋಸ್, ಉಬುಂಟುಗಿಂತ ಮೊದಲು ಶುರುವಾಗುವ ಮದರ್‌ಬೋರ್ಡಿನದೇ ಪ್ರೋಗ್ರಾಂ. ಸುಟ್ಟುಹೋದ ಪೋರ್ಟಿನ ಚಿಪ್ ಮದರ್‌ಬೋರ್ಡಿನಲ್ಲಿ ಇನ್ನೂ ಕೂತಿದೆ. ಅಡಾಪ್ಟರ್ ಈಗ ಇಲ್ಲ ಅಂತ ವಿಂಡೋಸ್ ಹೇಳುತ್ತಿರುವುದರಿಂದ ಅದು ಪೂರ್ತಿ ಸತ್ತಿರಬೇಕು. ಆದರೆ ಸಿಡಿಲು ಬಡಿದ ಚಿಪ್‌ಗಳನ್ನು ನಂಬುವ ಹಾಗಿಲ್ಲ. ಕೆಲವು ಒಂದು ದಿನ ಕಾಣಿಸಿಕೊಂಡು ಮರುದಿನ ಮಾಯವಾಗುತ್ತವೆ. ಆದ್ದರಿಂದ ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ‘ಆನ್‌ಬೋರ್ಡ್ ಲ್ಯಾನ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಹುಡುಕಿ ಡಿಸೇಬಲ್ ಮಾಡಿ. ಎಷ್ಟೋ ಬೋರ್ಡುಗಳಲ್ಲಿ ಇದು ಅಡ್ವಾನ್ಸ್‌ಡ್ ಅನ್ನುವ ಭಾಗದೊಳಗೆ ಇರುತ್ತದೆ.

ಇದನ್ನು ಉಳಿದೆಲ್ಲಕ್ಕಿಂತ ಮೊದಲೇ ಮಾಡಬೇಕು. ಯಾಕೆಂದರೆ ಉಬುಂಟು ಕೊಡುವ ಹೆಸರು ಬಯಾಸ್ ಮಾಡುವ ಎಣಿಕೆಯ ಮೇಲೆ ನಿಂತಿದೆ. ಇಎನ್ ಅಂದರೆ ಈಥರ್ನೆಟ್, ಪಿ4 ಅಂದರೆ ನಾಲ್ಕನೇ ನಂಬರಿನ ಪಿಸಿಐ ಬಸ್, ಎಸ್0 ಅಂದರೆ ಅದರಲ್ಲಿ ಸೊನ್ನೆಯ ಸ್ಲಾಟ್. ಆ ಬಸ್ ನಂಬರುಗಳನ್ನು ಬಯಾಸ್ ಪ್ರತಿಸಲ ಶುರುವಾಗುವಾಗ ಎಣಿಸಿ ಕೊಡುತ್ತದೆ. ಎಣಿಕೆಯ ನಡುವೆ ಒಂದು ಚಿಪ್ ಬಂದರೆ ಅಥವಾ ಹೋದರೆ ಮುಂದಿನವರ ನಂಬರ್ ಜರುಗಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಲ್ಯಾನ್ ಹೋಯಿತು, ಹೊಸ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದ ಮೇಲೆ ನೆಟ್ ಹೋಯಿತು ಅಂತ ಲಿನಕ್ಸ್ ಬಳಸುವವರು ದೂರುವುದೂ ಇದರಿಂದಲೇ. ಲ್ಯಾನ್ ಎಲ್ಲೂ ಹೋಗಿರುವುದಿಲ್ಲ, ಅದರ ಹೆಸರು ಬದಲಾಗಿರುತ್ತದೆ. ನೀವು ಮೊದಲು ಉಬುಂಟುವಿನ ಫೈಲ್ ತಿದ್ದಿ, ಆಮೇಲೆ ಬಯಾಸ್‌ನಲ್ಲಿ ಹಳೆ ಚಿಪ್ ಆಫ್ ಮಾಡಿದರೆ ಹೆಸರು ಮತ್ತೆ ಬದಲಾಗಬಹುದು. ಆಗ ಕೆಲಸ ಡಬಲ್.

ಈಗ ವಿಂಡೋಸ್‌ಗೆ ಬರೋಣ. 169.254 ಅನ್ನುವುದು ರೂಟರ್ ಕೊಟ್ಟ ಅಡ್ರೆಸ್ ಅಲ್ಲ. ಸರಿಯಾದ ಅಡ್ರೆಸ್ ಸಿಗದಿದ್ದಾಗ ಕಂಪ್ಯೂಟರ್ ತನಗೆ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು. ಸಾಮಾನ್ಯವಾಗಿ ಇದನ್ನು ಕಂಡರೆ ರೂಟರ್ ಜೊತೆ ಮಾತೇ ಆಗಿಲ್ಲ ಅನ್ನುತ್ತೇವೆ. ನಿಮ್ಮ ವಿಷಯ ಬೇರೆ. ನೀವು ಅಡ್ರೆಸ್ ಕೈಯಿಂದಲೇ ಕೊಟ್ಟಿದ್ದೀರಿ. ಹಾಗೆ ಕೊಟ್ಟ ಮೇಲೂ 169.254 ಬಂತು ಅಂದರೆ ನನಗೆ ಹೊಳೆಯುವುದು ಒಂದೇ. 192.168.1.50 ಈಗ ಮನೆಯಲ್ಲಿ ಬೇರೆ ಯಾರದೋ ಹತ್ತಿರ ಇದೆ.

ಹೇಗೆ ಅಂತೀರಾ? ಪೋರ್ಟ್ ಸುಟ್ಟ ಮೇಲೆ ಕಾರ್ಡ್ ಬರುವ ತನಕ ಈ ಡೆಸ್ಕ್‌ಟಾಪ್ ನೆಟ್‌ವರ್ಕಿನಲ್ಲಿ ಇರಲೇ ಇಲ್ಲ. 50 ನಿಮ್ಮದು ಅಂತ ನೀವು ಕಂಪ್ಯೂಟರಿಗೆ ಹೇಳಿದ್ದಿರಿ, ರೂಟರಿಗೆ ಹೇಳಿರಲಿಲ್ಲ. ಮನೆಯ ರೂಟರುಗಳು 192.168.1.2ರಿಂದ 254ರವರೆಗೂ ಹಂಚಬಹುದು ಅಂತ ಇಟ್ಟುಕೊಂಡಿರುವುದು ಮಾಮೂಲಿ. ಆ ಖಾಲಿ ದಿನಗಳಲ್ಲಿ ಮನೆಗೆ ಬಂದ ನೆಂಟರ ಫೋನಿಗೋ, ಟಿವಿಗೋ ಅದು 50 ಕೊಟ್ಟುಬಿಟ್ಟಿರಬೇಕು. ವಿಂಡೋಸ್ ಒಂದು ಅಡ್ರೆಸ್ ಹಾಕಿಕೊಳ್ಳುವ ಮೊದಲು ಇದು ಯಾರ ಹತ್ತಿರವಾದರೂ ಇದೆಯಾ ಅಂತ ನೆಟ್‌ವರ್ಕಿನಲ್ಲಿ ಕೂಗಿ ಕೇಳುತ್ತದೆ. ಇದೆ ಅಂತ ಉತ್ತರ ಬಂದರೆ ಅದನ್ನು ಬಿಟ್ಟು 169.254ಕ್ಕೆ ಹೋಗುತ್ತದೆ. ಇಷ್ಟು ದಿನ ಯಾಕೆ ತೊಂದರೆ ಆಗಲಿಲ್ಲ ಅಂದರೆ ಅದೃಷ್ಟ, ಅಷ್ಟೇ. ಕಾರ್ಡ್ ಬದಲಾಯಿಸದೆ ಬರೀ ಒಂದು ತಿಂಗಳು ಊರಿಗೆ ಹೋಗಿ ಬಂದಿದ್ದರೂ ಇದೇ ಆಗಬಹುದಿತ್ತು.

ಇದನ್ನು ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಡಿ. ಹೊಸ ಕಾರ್ಡಿನ ಕೆಳಗೆ 192.168.1.50ರ ಪಕ್ಕ ಬ್ರಾಕೆಟ್‌ನಲ್ಲಿ ‘ಡೂಪ್ಲಿಕೇಟ್’ ಅಂತ ಇದ್ದರೆ ಕಳ್ಳ ಸಿಕ್ಕ. ಇನ್ನೊಂದು ದಾರಿಯೂ ಇದೆ. ಡೆಸ್ಕ್‌ಟಾಪನ್ನು ಪೂರ್ತಿ ಆಫ್ ಮಾಡಿ, ಲ್ಯಾಪ್‌ಟಾಪಿನಿಂದ 192.168.1.50ಕ್ಕೆ ಪಿಂಗ್ ಮಾಡಿ, ಅಂದರೆ ‘ಪಿಂಗ್ 192.168.1.50’ ಅಂತ ಕೊಟ್ಟು ಉತ್ತರ ಬರುತ್ತದಾ ನೋಡಿ. ಆಫ್ ಆಗಿರುವ ಕಂಪ್ಯೂಟರ್ ಉತ್ತರ ಕೊಡುವುದಿಲ್ಲ. ಉತ್ತರ ಬಂದರೆ ಅದು ಬೇರೆಯವರದು. ಉತ್ತರ ಬಾರದಿದ್ದರೂ ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆದು ಯಾರಿಗೆ ಯಾವ ಅಡ್ರೆಸ್ ಹೋಗಿದೆ ಅನ್ನುವ ಪಟ್ಟಿ ನೋಡಿ. ಪಿಂಗ್‌ಗೆ ಉತ್ತರ ಕೊಡದ ಫೋನುಗಳೂ ಇರುತ್ತವೆ.

ಡೂಪ್ಲಿಕೇಟ್ ಅಂತ ಇಲ್ಲವೇ ಇಲ್ಲ, ಅಡ್ರೆಸ್ಸನ್ನು ಆಟೊಮ್ಯಾಟಿಕ್ ಮಾಡಿದರೂ 169.254 ಬರುತ್ತಿದೆ ಅಂದರೆ ಆಗ ರೂಟರಿನ ಮ್ಯಾಕ್ ಫಿಲ್ಟರ್ ನೋಡಿ. ಪಟ್ಟಿಯಲ್ಲಿರುವ ಸಾಧನಗಳಿಗೆ ಮಾತ್ರ ಪ್ರವೇಶ ಅಂತ ಎಂದೋ ಹಾಕಿ ಮರೆತಿದ್ದರೆ ಹೊಸ ಕಾರ್ಡಿಗೆ ಬಾಗಿಲು ತೆರೆಯುವುದಿಲ್ಲ. ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಇರುವುದರಿಂದ ಅದೇ ಕೇಬಲ್‌ನಲ್ಲಿ ಅದು ಕೆಲಸ ಮಾಡುತ್ತದೆ. ಕೆಲವು ರೂಟರುಗಳಲ್ಲಿ ಈ ಫಿಲ್ಟರ್ ವೈಫೈಗೆ ಮಾತ್ರ, ಕೆಲವುಗಳಲ್ಲಿ ಕೇಬಲ್‌ಗೂ ಇದೆ.

ಪರಿಹಾರ ಹೇಳುತ್ತೇನೆ. ಕಂಪ್ಯೂಟರಿನೊಳಗೆ ಅಡ್ರೆಸ್ ಬರೆಯುವುದನ್ನೇ ಬಿಡಿ. ವಿಂಡೋಸ್‌ನಲ್ಲಿ ಹೊಸ ಕಾರ್ಡಿನ ಐಪಿವಿ4 ಸೆಟ್ಟಿಂಗನ್ನು ಆಟೊಮ್ಯಾಟಿಕ್ ಮಾಡಿ. ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಅಡ್ರೆಸ್ ಹುಡುಕುವ ವ್ಯವಸ್ಥೆ) ಅನ್ನೂ ಆಟೊಮ್ಯಾಟಿಕ್ ಮಾಡಿ, ಅದನ್ನು ಮರೆಯುವವರು ಜಾಸ್ತಿ. ನೆಟ್ ಬಂತಾ ನೋಡಿ. ಆಮೇಲೆ ಐಪಿಕಾನ್ಫಿಗ್ /ಆಲ್‌ನಲ್ಲಿ ‘ಫಿಸಿಕಲ್ ಅಡ್ರೆಸ್’ ಅನ್ನುವ ಸಾಲಿನಲ್ಲಿ ಹೊಸ ಕಾರ್ಡಿನ ಮ್ಯಾಕ್ ಇರುತ್ತದೆ, ಬರೆದಿಟ್ಟುಕೊಳ್ಳಿ. ರೂಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಅನ್ನುವ ಜಾಗ ಹುಡುಕಿ. ಈ ಮ್ಯಾಕ್‌ಗೆ 192.168.1.50 ಅಂತ ಕಾಯ್ದಿರಿಸಿ. ಅಲ್ಲಿ ಹಳೆ ಪೋರ್ಟಿನ ಸಾಲು ಏನಾದರೂ ಇದ್ದರೆ ಅಳಿಸಿ. 50 ಹಿಡಿದುಕೊಂಡಿರುವ ಫೋನಿನ ವೈಫೈ ಆಫ್ ಮಾಡಿ, ರೂಟರನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ, ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿ.

ಹೀಗೆ ಮಾಡಿದರೆ ಇನ್ನೊಂದು ಅನುಕೂಲ ಇದೆ. ವಿಂಡೋಸ್‌ಗೂ ಉಬುಂಟುವಿಗೂ ಕಾರ್ಡ್ ಒಂದೇ, ಮ್ಯಾಕ್ ಒಂದೇ. ರೂಟರಿನಲ್ಲಿ ಒಂದು ಸಲ ಬರೆದರೆ ಎರಡಕ್ಕೂ 50 ಸಿಗುತ್ತದೆ. ಮುಂದೆ ಮತ್ತೆ ಕಾರ್ಡ್ ಬದಲಾದರೆ ತಿದ್ದಬೇಕಾದ ಜಾಗವೂ ಒಂದೇ.

ವಿಂಡೋಸ್ ಒಳಗಿರುವ ಹಳೆ ಅಡಾಪ್ಟರಿನ ಭೂತವನ್ನೂ ತೆಗೆದುಬಿಡಿ. ಡಿವೈಸ್ ಮ್ಯಾನೇಜರ್ ತೆರೆದು ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಮಸುಕಾಗಿ ಕಾಣುವ ಹಳೆ ಲ್ಯಾನ್ ಹೆಸರನ್ನು ಅನ್‌ಇನ್‌ಸ್ಟಾಲ್ ಮಾಡಿ. ಅಲ್ಲೇ ‘ವ್ಯಾನ್ ಮಿನಿಪೋರ್ಟ್’ ಅಂತ ನಾಲ್ಕಾರು ಸಾಲು ಕಾಣುತ್ತವೆ, ಅವನ್ನು ಮುಟ್ಟಬೇಡಿ. ಅವು ವಿಂಡೋಸ್‌ನದೇ.

ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ರಿಸೆಟ್’ ಅಂತ ಒಂದು ಗುಂಡಿ ಇದೆ. ಎಲ್ಲರೂ ಮೊದಲು ಅದನ್ನೇ ಒತ್ತಿ ಅನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಅದು ಎಲ್ಲ ಅಡಾಪ್ಟರುಗಳನ್ನೂ ಕಿತ್ತು ಮತ್ತೆ ಹಾಕುತ್ತದೆ, ಹಾಕಿಕೊಂಡಿದ್ದ ವಿಪಿಎನ್‌ನಂಥವು ಆಮೇಲೆ ಮತ್ತೆ ಹಾಕಬೇಕಾಗಬಹುದು. ಕೆಲಸ ಆಗಲೂಬಹುದು. ಆದರೆ 50 ಬೇರೆಯವರ ಹತ್ತಿರ ಇತ್ತು ಅನ್ನುವುದು ಗೊತ್ತೇ ಆಗುವುದಿಲ್ಲ. ಮತ್ತೆ 50 ಹಾಕುತ್ತೀರಿ, ಮತ್ತೆ ನೆಟ್ ಹೋಗುತ್ತದೆ.

ನೆಟ್ ಬಂದ ಮೇಲೂ ಪ್ರಿಂಟರ್ ಬೇರೆ ಕಂಪ್ಯೂಟರುಗಳಿಗೆ ಕಾಣದಿದ್ದರೆ ನೆಟ್‌ವರ್ಕ್ ಪ್ರೊಫೈಲ್ ನೋಡಿ. ವಿಂಡೋಸ್ ಹೊಸ ಸಂಪರ್ಕವನ್ನು ‘ಪಬ್ಲಿಕ್’ ಅಂತ ಇಟ್ಟುಕೊಂಡಿರಬಹುದು. ಅದನ್ನು ‘ಪ್ರೈವೇಟ್’ ಮಾಡಿ.

ಉಬುಂಟುವಿನ ಕಥೆ ಇನ್ನೂ ಸ್ಪಷ್ಟ. ನೀವು ಬರೆದ ಎರಡು ನಿಮಿಷದ ವಿಳಂಬವೇ ಸುಳಿವು. ನೆಟ್‌ಪ್ಲಾನ್ ಫೈಲಿನಲ್ಲಿ ಇಎನ್‌ಪಿ3ಎಸ್0 ಅಂತ ಬರೆದಿದೆ. ಈಗ ಆ ಹೆಸರಿನವರು ಯಾರೂ ಇಲ್ಲ. ಆದರೂ ಅವರು ಬಂದೇ ಬರುತ್ತಾರೆ ಅಂತ ಉಬುಂಟು ಎರಡು ನಿಮಿಷ ಬಾಗಿಲಲ್ಲಿ ಕಾಯುತ್ತದೆ. ಆಮೇಲೆ ಬೇಸತ್ತು ಮುಂದೆ ಹೋಗುತ್ತದೆ. ಬಂದಿರುವ ಇಎನ್‌ಪಿ4ಎಸ್0 ಹೆಸರು ಫೈಲಿನಲ್ಲಿ ಇಲ್ಲ. ಹಾಗಾಗಿ ಅದನ್ನು ಯಾರೂ ವಿಚಾರಿಸುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ವೈರ್ಡ್ ಯಾಕೆ ಮಾಯ? ಉಬುಂಟು ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವುದು ಅದು ನೋಡಿಕೊಳ್ಳುವ ಕಾರ್ಡುಗಳು. ಆದರೆ ಇಂಟರ್ನೆಟ್ಟಿನಲ್ಲಿ ಸಿಗುವ ಸ್ಟ್ಯಾಟಿಕ್ ಐಪಿ ಪಾಠಗಳಲ್ಲಿ ಹೆಚ್ಚಿನವು ಸರ್ವರ್‌ಗಾಗಿ ಬರೆದವು. ಅವುಗಳಲ್ಲಿ ‘ರೆಂಡರರ್: ನೆಟ್‌ವರ್ಕ್‌ಡಿ’ ಅನ್ನುವ ಸಾಲು ಇರುತ್ತದೆ. ನಿಮ್ಮ ಫೈಲಿನಲ್ಲೂ ಅದು ಇರುತ್ತದೆ ಅಂತ ನನ್ನ ಅಂದಾಜು. ಆ ಸಾಲು ಬಂದರೆ ಕೇಬಲ್ ಸಂಪರ್ಕದ ಜವಾಬ್ದಾರಿ ನೆಟ್‌ವರ್ಕ್‌ಮ್ಯಾನೇಜರ್‌ನಿಂದ ನೆಟ್‌ವರ್ಕ್‌ಡಿ ಅನ್ನುವ ಇನ್ನೊಂದು ಪ್ರೋಗ್ರಾಮಿಗೆ ಹೋಗುತ್ತದೆ. ನೆಟ್‌ವರ್ಕ್‌ಡಿಗೆ ಗೊತ್ತಿರುವುದು ಇಎನ್‌ಪಿ3ಎಸ್0 ಮಾತ್ರ. ಇಬ್ಬರೂ ಕೈಬಿಟ್ಟರು.

ಇದನ್ನೂ ಪರೀಕ್ಷೆ ಮಾಡಬಹುದು. ಟರ್ಮಿನಲ್‌ನಲ್ಲಿ ‘ಐಪಿ ಲಿಂಕ್’ ಕೊಟ್ಟು ಇಎನ್‌ಪಿ4ಎಸ್0 ಸಾಲನ್ನು ಸರಿಯಾಗಿ ಓದಿ. ‘ಸ್ಟೇಟ್ ಡೌನ್’ ಅನ್ನುವುದನ್ನು ಮಾತ್ರ ನೋಡಿದರೆ ಸಾಲದು. ಅದಕ್ಕೂ ಮುಂಚೆ ಕೋನದ ಆವರಣದಲ್ಲಿ ಕೆಲವು ಪದಗಳಿವೆ. ಅಲ್ಲಿ ‘ನೋ-ಕ್ಯಾರಿಯರ್’ ಮತ್ತು ‘ಅಪ್’ ಎರಡೂ ಇದ್ದರೆ ಕಾರ್ಡನ್ನು ಎಬ್ಬಿಸಲಾಗಿದೆ, ಆದರೆ ಆ ಕಡೆ ಕೇಬಲ್ ಕಾಣುತ್ತಿಲ್ಲ ಅಂತ ಅರ್ಥ. ಎರಡೂ ಇಲ್ಲದಿದ್ದರೆ ಕಾರ್ಡನ್ನು ಯಾರೂ ಎಬ್ಬಿಸಿಯೇ ಇಲ್ಲ ಅಂತ ಅರ್ಥ. ನಿಮ್ಮಲ್ಲಿ ಎರಡನೆಯದು ಇರಬೇಕು. ‘ಸುಡೊ ಐಪಿ ಲಿಂಕ್ ಸೆಟ್ ಇಎನ್‌ಪಿ4ಎಸ್0 ಅಪ್’ ಕೊಟ್ಟು ಕೆಲವು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಸ್ಟೇಟ್ ಅಪ್ ಆದರೆ ಕಾರ್ಡಿನ ಮೇಲಿನ ಅನುಮಾನ ಬಿಟ್ಟುಬಿಡಿ.

ಎಬ್ಬಿಸಿದ ಮೇಲೂ ನೋ-ಕ್ಯಾರಿಯರ್ ಅಂತಲೇ ಬಂದರೆ ವಿಂಡೋಸ್ ಮೇಲೆ ಅನುಮಾನ ಪಡಿ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದು ಬಂದಿದೆ. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಎಚ್ಚರವಾಗಿಯೇ ಇರುತ್ತದೆ. ಹೋಗುವಾಗ ಲ್ಯಾನ್ ಕಾರ್ಡನ್ನು ವಿದ್ಯುತ್ ಉಳಿತಾಯದ ಸ್ಥಿತಿಯಲ್ಲಿ ಬಿಟ್ಟು ಹೋದರೆ, ಆಮೇಲೆ ಶುರುವಾಗುವ ಲಿನಕ್ಸ್‌ಗೆ ಅದು ಸರಿಯಾಗಿ ಸ್ಪಂದಿಸದೆ ಇರಬಹುದು. ಎರಡು ಓಎಸ್ ಇರುವ ಕಂಪ್ಯೂಟರಿನಲ್ಲಿ ಇದನ್ನು ಆಫ್ ಮಾಡುವುದೇ ವಾಸಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಸಿಗುತ್ತದೆ. ಒಂದು ಸಲಕ್ಕೆ ಸಾಕು ಅಂದರೆ ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಮಾಡಿ. ಅಂದಹಾಗೆ, ಕಂಪ್ಯೂಟರ್ ಆಫ್ ಆದ ಮೇಲೂ ಲ್ಯಾನ್ ಲೈಟ್ ಉರಿಯುತ್ತಿರುವುದನ್ನು ನೋಡಿ ಕಾರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ನೆಟ್‌ವರ್ಕ್ ಮೂಲಕ ಎಬ್ಬಿಸುವ ಸೌಲಭ್ಯಕ್ಕೆ ಅಷ್ಟು ಕರೆಂಟ್ ಹರಿಯುತ್ತಲೇ ಇರುತ್ತದೆ. ಹಾಗೆಯೇ ಲೈಟ್ ಉರಿದ ಮಾತ್ರಕ್ಕೆ ನೆಟ್ ಬರಬೇಕು ಅಂತಲೂ ಇಲ್ಲ. ಲೈಟ್ ಹೇಳುವುದು ತಂತಿಯ ಎರಡೂ ತುದಿಗಳು ಒಂದನ್ನೊಂದು ಕಂಡವು ಅಂತ ಮಾತ್ರ.

ಉಬುಂಟು ಸರಿ ಮಾಡುವುದು ಹೀಗೆ. ‘ಇಟಿಸಿ’ ಫೋಲ್ಡರಿನೊಳಗೆ ‘ನೆಟ್‌ಪ್ಲಾನ್’ ಫೋಲ್ಡರ್ ಇದೆ. ಅಲ್ಲಿ ಎರಡು ಫೈಲ್ ಇರಬಹುದು. ಒಂದು ಉಬುಂಟುವಿನದು, ಅದರ ಹೆಸರಿನಲ್ಲೇ ನೆಟ್‌ವರ್ಕ್ ಮ್ಯಾನೇಜರ್ ಅಂತ ಇರುತ್ತದೆ. ಇನ್ನೊಂದು ನೀವು ಬರೆದದ್ದು. ನಿಮ್ಮದನ್ನು ಅಳಿಸಬೇಡಿ. ಅದರ ಹೆಸರಿನ ಕೊನೆಗೆ ‘ಡಾಟ್ ಓಲ್ಡ್’ ಅಂತ ಸೇರಿಸಿ. ಕೊನೆಯಲ್ಲಿ ‘ಯಾಮಲ್’ ಇಲ್ಲದ ಫೈಲನ್ನು ನೆಟ್‌ಪ್ಲಾನ್ ಓದುವುದಿಲ್ಲ. ಆಮೇಲೆ ರಿಸ್ಟಾರ್ಟ್ ಮಾಡಿ. ರೂಟರಿನಲ್ಲಿ 50 ಕಾಯ್ದಿರಿಸಿ ಆಗಿದೆಯಲ್ಲ, ಅದೇ ಅಡ್ರೆಸ್ ಇಲ್ಲೂ ಬರಬೇಕು. ನೀವು ಹೊಸ ಫೈಲ್ ಮಾಡದೆ ಉಬುಂಟುವಿನ ಫೈಲನ್ನೇ ತಿದ್ದಿದ್ದರೆ, ನೀವು ಸೇರಿಸಿದ ಸಾಲುಗಳನ್ನು ತೆಗೆದು ರೆಂಡರರ್ ಅನ್ನು ಮತ್ತೆ ‘ನೆಟ್‌ವರ್ಕ್‌ಮ್ಯಾನೇಜರ್’ ಮಾಡಿ. ಎನ್ ಮತ್ತು ಎಂ ಎರಡು ಮಾತ್ರ ದೊಡ್ಡ ಅಕ್ಷರ, ಎಲ್ಲ ಸಣ್ಣದಾಗಿ ಬರೆದರೆ ಒಪ್ಪುವುದಿಲ್ಲ. ನಿಮ್ಮದು 23.10 ಅಥವಾ ಆಮೇಲಿನ ಉಬುಂಟು ಆದರೆ ಅಲ್ಲಿ 90ರಿಂದ ಶುರುವಾಗುವ ಬೇರೆ ಫೈಲುಗಳೂ ಕಾಣಬಹುದು. ಸೆಟ್ಟಿಂಗ್ಸ್‌ನಲ್ಲಿ ಮಾಡಿದ ವೈಫೈ ಸಂಪರ್ಕಗಳನ್ನು ಅದು ಅಲ್ಲೇ ಇಡುತ್ತದೆ. ಅವನ್ನು ಬಿಟ್ಟುಬಿಡಿ.

ಏನೋ ಕಾರಣಕ್ಕೆ ನೆಟ್‌ಪ್ಲಾನ್‌ನಲ್ಲೇ ಅಡ್ರೆಸ್ ಇಡಬೇಕು ಅಂತಿದ್ದರೆ ಹೆಸರನ್ನು ನಂಬಬೇಡಿ. ‘ಮ್ಯಾಚ್’ ಅನ್ನುವ ಸಾಲಿನ ಕೆಳಗೆ ‘ಮ್ಯಾಕ್‌ಅಡ್ರೆಸ್’ ಕೊಟ್ಟು ಕಾರ್ಡನ್ನು ಹಿಡಿಯಿರಿ. ಆಗ ನಾಳೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಬಸ್ ನಂಬರ್ ಜರುಗಿದರೂ ತೊಂದರೆ ಇಲ್ಲ. ಸಾಲುಗಳ ಮುಂದೆ ಜಾಗ ಬಿಡಲು ಸ್ಪೇಸ್ ಬಳಸಿ, ಟ್ಯಾಬ್ ಒತ್ತಿದರೆ ಫೈಲ್ ಓಡುವುದಿಲ್ಲ. ಉಳಿಸಿದ ಮೇಲೆ ‘ಸುಡೊ ನೆಟ್‌ಪ್ಲಾನ್ ಟ್ರೈ’ ಕೊಡಿ. ಎಲ್ಲ ಸರಿ ಅಂತ ನೀವು 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಅದು ಹಿಂದಿನ ಸ್ಥಿತಿಗೇ ಮರಳುತ್ತದೆ. ನಿಮ್ಮಂತೆ ಪ್ರಯೋಗ ಮಾಡುವವರಿಗೆ ಹೇಳಿ ಮಾಡಿಸಿದ್ದು.

ತುಂಬ ಹಳೆಯ ಉಬುಂಟು ಅಥವಾ ಡೆಬಿಯನ್ ಇಟ್ಟುಕೊಂಡವರಿಗೆ ಒಂದು ಮಾತು. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸನ್ನು ಶುರು ಮಾಡಿಸುವ ಪ್ರೋಗ್ರಾಂ) ಈ ಹೊಸ ರೀತಿಯ ಹೆಸರುಗಳನ್ನು ತರುವ ಮೊದಲು ಎಲ್ಲವೂ ಇಟಿಎಚ್0, ಇಟಿಎಚ್1 ಆಗಿದ್ದವು. ಆಗ ಕಾರ್ಡ್ ಬದಲಾಯಿಸಿದರೆ ಹೊಸದು ಇಟಿಎಚ್1 ಆಗುತ್ತಿತ್ತು. ಯಾಕೆಂದರೆ ‘70-ಪರ್ಸಿಸ್ಟೆಂಟ್-ನೆಟ್’ ಅನ್ನುವ ಯುಡೆವ್ ರೂಲ್ಸ್ ಫೈಲಿನಲ್ಲಿ ಇಟಿಎಚ್0 ಅನ್ನುವುದು ಹಳೆ ಕಾರ್ಡಿನ ಮ್ಯಾಕ್‌ಗೆ ಮೀಸಲಾಗಿರುತ್ತಿತ್ತು. ಅದರಲ್ಲಿ ಹಳೆ ಸಾಲು ಅಳಿಸಿ ರಿಸ್ಟಾರ್ಟ್ ಮಾಡಿದರೆ ಮುಗಿಯಿತು. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದವರಿಗೆ ಈಗಿನ ಉಬುಂಟು ಇಎನ್‌ಎಕ್ಸ್ ಅಂತ ಶುರುವಾಗುವ ಉದ್ದನೆ ಹೆಸರು ಕೊಡುತ್ತದೆ. ಅದರ ಉಳಿದ 12 ಅಕ್ಷರ ಆ ಅಡಾಪ್ಟರಿನ ಮ್ಯಾಕ್ಕೇ.

ನಿಮಗೆ ಅನ್ವಯಿಸದ, ಆದರೆ ಇಂಥದ್ದೇ ಪ್ರಶ್ನೆ ಕೇಳುವ ಬಹಳ ಜನರಿಗೆ ಬೇಕಾದ ವಿಷಯ ಕೇಬಲ್ ಆಪರೇಟರ್. ನಮ್ಮಲ್ಲಿ ಕೆಲವು ಆಪರೇಟರುಗಳು ಗ್ರಾಹಕರ ಮ್ಯಾಕ್ ಅನ್ನು ತಮ್ಮ ಸರ್ವರ್‌ನಲ್ಲಿ ಕಟ್ಟಿಹಾಕಿರುತ್ತಾರೆ. ಬೇರೆ ಮ್ಯಾಕ್ ಬಂದರೆ ನೆಟ್ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ನಡುವೆ ರೂಟರ್ ಇದೆ. ಆಪರೇಟರಿಗೆ ಕಾಣುವುದು ರೂಟರಿನ ಮ್ಯಾಕ್. ಅದರ ಹಿಂದೆ ನೀವು ಎಷ್ಟು ಕಾರ್ಡ್ ಬದಲಾಯಿಸಿದರೂ ಅವರಿಗೆ ಗೊತ್ತಾಗುವುದಿಲ್ಲ. ಆದರೆ ರೂಟರ್ ಇಲ್ಲದೆ ಕಂಬದಿಂದ ಬಂದ ತಂತಿಯನ್ನು ನೇರ ಕಂಪ್ಯೂಟರಿಗೆ ಹಾಕಿಕೊಂಡವರು ಕಾರ್ಡ್ ಬದಲಾಯಿಸಿದ ದಿನವೇ ಆಪರೇಟರಿಗೆ ಫೋನ್ ಮಾಡಿ ‘ಮ್ಯಾಕ್ ರಿಸೆಟ್ ಮಾಡಿ’ ಅನ್ನಬೇಕು. ಭಾನುವಾರ ಫೋನ್ ಎತ್ತುವುದಿಲ್ಲ ಅಂದರೆ ಹಳೆ ಮ್ಯಾಕ್ ಅನ್ನೇ ಹೊಸ ಕಾರ್ಡಿಗೆ ತೊಡಿಸಬಹುದು. ವಿಂಡೋಸ್‌ನಲ್ಲಿ ಕಾರ್ಡಿನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ‘ನೆಟ್‌ವರ್ಕ್ ಅಡ್ರೆಸ್’ ಅಂತ ಇರುತ್ತದೆ, ಉಬುಂಟುವಿನಲ್ಲಿ ‘ಕ್ಲೋನ್ಡ್ ಅಡ್ರೆಸ್’ ಅಂತ. ಹಳೆ ಚಿಪ್ ಬಯಾಸ್‌ನಲ್ಲಿ ಆಫ್ ಆಗಿರಲಿ, ಒಂದೇ ನೆಟ್‌ವರ್ಕಿನಲ್ಲಿ ಎರಡು ಕಡೆ ಒಂದೇ ಮ್ಯಾಕ್ ಇರಬಾರದು. ಮ್ಯಾಕ್ ನೋಡಿ ಲೈಸೆನ್ಸ್ ಕೊಡುವ ಎಂಜಿನಿಯರಿಂಗ್ ಸಾಫ್ಟ್‌ವೇರ್‌ಗಳೂ ಇವೆ. ಅಂಥದ್ದು ಮನೆಯ ಕಂಪ್ಯೂಟರಿನಲ್ಲಿದ್ದರೆ ಕಾರ್ಡ್ ಬದಲಾದ ಮೇಲೆ ಅದೂ ತಕರಾರು ತೆಗೆಯುತ್ತದೆ.

ನೀವು ತರಿಸಿದ್ದು ಗಿಗಾಬಿಟ್ ಕಾರ್ಡ್ ಆದ್ದರಿಂದ ಡ್ರೈವರ್ ತಲೆನೋವು ಬರಲಿಲ್ಲ. ರಿಯಲ್‌ಟೆಕ್ 8111 ಜಾತಿಯ ಚಿಪ್ ಆಗಿದ್ದರೆ ವಿಂಡೋಸ್ 10ಕ್ಕೂ ಲಿನಕ್ಸ್‌ಗೂ ಹಳೇ ಪರಿಚಯ. 2.5 ಗಿಗಾಬಿಟ್‌ನ ಹೊಸ ಕಾರ್ಡುಗಳಲ್ಲಿ ಹೆಚ್ಚಾಗಿ ರಿಯಲ್‌ಟೆಕ್ 8125 ಇರುತ್ತದೆ. ಹಳೆ ವಿಂಡೋಸ್ 10 ಅಥವಾ ಹಳೆ ಲಿನಕ್ಸ್‌ಗೆ ಅದು ಗೊತ್ತಿಲ್ಲದೆ ಇರಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಮತ್ತು ‘ಕೋಡ್ 28’ ಕಾಣುತ್ತದೆ. ಡ್ರೈವರ್ ಇಲ್ಲ ಅಂತ ಅರ್ಥ. ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು ಅಂತ ಒದ್ದಾಡಬೇಡಿ. ಫೋನನ್ನು ಯುಎಸ್‌ಬಿಯಲ್ಲಿ ಹಾಕಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ, ಎರಡೂ ಓಎಸ್‌ನಲ್ಲಿ ತಾತ್ಕಾಲಿಕ ನೆಟ್ ಬರುತ್ತದೆ.

ಎಲ್ಲ ಸರಿಯಾದ ಮೇಲೆ ವೇಗ ನೋಡಿ. ವಿಂಡೋಸ್‌ನಲ್ಲಿ ಅಡಾಪ್ಟರಿನ ಸ್ಟೇಟಸ್‌ನಲ್ಲಿ 1.0 ಜಿಬಿಪಿಎಸ್ ಇರಬೇಕು. 100 ಎಂಬಿಪಿಎಸ್ ಅಂತಿದ್ದರೆ ಮೊದಲು ಕೇಬಲ್ ನೋಡಿ. ಗಿಗಾಬಿಟ್‌ಗೆ ಕೇಬಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಒಂದು ತಂತಿ ಕನೆಕ್ಟರಿನಲ್ಲಿ ಸಡಿಲವಾಗಿದ್ದರೂ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ರೂಟರಿನ ಪೋರ್ಟೇ 100ರದ್ದಾಗಿರಲೂಬಹುದು. ನಿಮ್ಮದು 100 ಎಂಬಿಪಿಎಸ್‌ಗಿಂತ ಕಡಿಮೆಯ ಪ್ಲಾನ್ ಆದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮದರ್‌ಬೋರ್ಡ್ ಬದಲಾಯಿಸಬೇಕು ಅಂದ ಅಂಗಡಿಯವರ ಮಾತು ಈಗ ಬೇಕಾಗಿಲ್ಲ. ಸಾವಿರ ರೂಪಾಯಿಯೊಳಗಿನ ಕಾರ್ಡಿನಲ್ಲಿ ಆಗುವ ಕೆಲಸಕ್ಕೆ ಬೋರ್ಡ್ ಯಾಕೆ? ಆದರೆ ಸಿಡಿಲು ತಿಂದ ಬೋರ್ಡಿನ ಮೇಲೆ ಒಂದು ಕಣ್ಣಿಡಿ. ಯುಎಸ್‌ಬಿ ಪೋರ್ಟುಗಳು ಕೈಕೊಡುವುದು, ಸುಮ್ಮಸುಮ್ಮನೆ ರಿಸ್ಟಾರ್ಟ್ ಆಗುವುದು ಶುರುವಾದರೆ ಅವರ ಮಾತನ್ನು ನೆನಪು ಮಾಡಿಕೊಳ್ಳಬಹುದು. ಮುಖ್ಯವಾದ ಫೈಲುಗಳ ಕಾಪಿ ಈಗಲೇ ಬೇರೆ ಡಿಸ್ಕಿನಲ್ಲಿ ಇಡಿ.

ಮಲೆನಾಡಿನ ಕಡೆ ಇರುವವರು ನೀವು, ಮುಂದಿನ ಸಿಡಿಲಿಗೂ ತಯಾರಿರಬೇಕು ಅಲ್ವಾ. ಲ್ಯಾನ್ ಪೋರ್ಟಿನೊಳಗೆ ಸಣ್ಣ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಈಥರ್ನೆಟ್‌ನ ನಿಯಮದಂತೆ ಅವು 1,500 ವೋಲ್ಟ್ ತಡೆಯಬೇಕು. ಹತ್ತಿರದ ಸಿಡಿಲಿನ ಮುಂದೆ ಅದು ಏನೇನೂ ಅಲ್ಲ. ಯುಪಿಎಸ್ ಕರೆಂಟಿನ ಕಡೆಯನ್ನು ಅಷ್ಟಿಷ್ಟು ಕಾಯುತ್ತದೆ, ಲ್ಯಾನ್ ಕೇಬಲ್ಲನ್ನು ಕಾಯುವುದಿಲ್ಲ. ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ಧೈರ್ಯ ಬೇಡ. ಫೈಬರ್ ಬಾಕ್ಸಿನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲೇ ಇದೆ. ಅಲ್ಲಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿಯೇ. ಗುಡುಗು ದೂರದಲ್ಲಿ ಇರುವಾಗಲೇ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ತಲೆಯ ಮೇಲೆ ಬಂದಾಗ ಮುಟ್ಟಲು ಹೋಗಬೇಡಿ.

ಇನ್ನು ಕಾರ್ಡ್ ವಾಪಸ್ ಮಾಡುವ ಪ್ರಶ್ನೆ. ಪೆನ್‌ಡ್ರೈವ್ ಉಬುಂಟುವಿನಲ್ಲೂ ನೆಟ್ ಬಾರದಿದ್ದರೆ ಮಾತ್ರ ಕ್ಯಾಬಿನೆಟ್ ಬಿಚ್ಚಿ. ಪವರ್ ಕೇಬಲ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ಕಾರ್ಡಿಗೆ ಕೈ ಹಾಕಿ. ಸ್ಕ್ರೂ ಬಿಗಿಮಾಡುವಾಗ ಹಿಂದಿನ ಪಟ್ಟಿ ಎಳೆದು ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಸ್ವಲ್ಪ ಮೇಲೆದ್ದಿರುವುದು ಸಾಮಾನ್ಯ, ಅದನ್ನು ನೋಡಿ. ಪುಟ್ಟ ಸ್ಲಾಟಿನ ಕಾರ್ಡ್ ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟಿನಲ್ಲೂ ಕೂರುತ್ತದೆ. ಅದು ಖಾಲಿ ಇದ್ದರೆ ಅಲ್ಲಿ ಹಾಕಿ ನೋಡಿ. ಉಬುಂಟುವಿನಲ್ಲಿ ‘ಎಲ್‌ಎಸ್‌ಪಿಸಿಐ’ ಕೊಟ್ಟಾಗ ಎರಡು ಸ್ಲಾಟಿನಲ್ಲೂ ಕಾರ್ಡಿನ ಹೆಸರೇ ಬಾರದಿದ್ದರೆ, ಅಥವಾ ಹೆಸರು ಬಂದು, ಎಬ್ಬಿಸಿದ ಮೇಲೂ ನೋ-ಕ್ಯಾರಿಯರ್ ಹೋಗದಿದ್ದರೆ, ಆ ಪರದೆಯ ಫೋಟೋ ತೆಗೆದುಕೊಂಡು ವಾಪಸಿಗೆ ಹಾಕಿ.